ಯುಗಾದಿಯ ದಿನ ಸಾಯದ ಈರಕ್ಕ

ಜನವರಿ 16, ಗುರುವಾರ

ಡೈರಿ ಬರೆಯುವುದು ನನ್ನ ಜಾಯಮಾನವಲ್ಲ. ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು, ಬೇರಿಂಗು, ವಾಷರುಗಳ ಹೆಸರು ಬರೆದೂ ಬರೆದೂ ಬೆರಳು ಸವೆಸಿದವನು ನಾನು. ನಿವೃತ್ತಿಯಾದ ಮೇಲೆ ಪೆನ್ನು ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದೆ. ಆದರೆ ಶಿವಮೊಗ್ಗದ ಆ ಸ್ಪೀಚ್ ಥೆರಪಿ ಹುಡುಗಿ ಅನುಷಾ ಬಿಡಬೇಕಲ್ಲ. "ದಿನಾ ನಾಲ್ಕು ಸಾಲು ಬರೀರಿ ಅಂಕಲ್. ನಂಗೆ ತೋರಿಸೋದೇನೂ ಬೇಡ. ನಿಮ್ಮ ತಲೆ ಸ್ವಲ್ಪ ಹಗುರಾಗುತ್ತೆ" ಎಂದಳು. ಕಾಯಿಲೆ ಹೆಂಡತಿಗೆ, ಔಷಧಿ ಗಂಡನಿಗೆ. ಇರಲಿ.

ವಿಷಯ ಇಷ್ಟು. ಡಿಸೆಂಬರಿನಲ್ಲಿ ದಾಕ್ಷಾಯಣಿಗೆ ಸಣ್ಣದೊಂದು ಸ್ಟ್ರೋಕ್ ಆಯಿತು. ಕೈಕಾಲು ಚೆನ್ನಾಗಿವೆ, ಮಾತು ಚೆನ್ನಾಗಿದೆ, ನನ್ನನ್ನು ಬೈಯುವುದಂತೂ ಮೊದಲಿಗಿಂತ ಚೆನ್ನಾಗಿದೆ. ಬಲಗಡೆ ಸ್ವಲ್ಪ ಕಣ್ಣು ಮಂಜು, ಹಾಗಾಗಿ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಾಳೆ. ಅದು ಬಿಟ್ಟರೆ ಹೋದದ್ದು ಒಂದೇ, ಓದು. ಅಕ್ಷರ ಕಾಣುತ್ತದೆ, ಯಾವ ಅಕ್ಷರ ಎಂದು ಗೊತ್ತಾಗುವುದಿಲ್ಲ. ವಿಚಿತ್ರ ನೋಡಿ, ಅಂಕಿಗಳನ್ನು ಓದುತ್ತಾಳೆ! ಗಡಿಯಾರ, ಬಸ್ಸಿನ ನಂಬರು, ಕ್ಯಾಲೆಂಡರಿನ ತಾರೀಕು ಎಲ್ಲ ಸರಿ. ಕೆಳಗಿರುವ "ಗುರುವಾರ" ಮಾತ್ರ ಇಲ್ಲ.

ನೋಡಲು ಬಂದವರೆಲ್ಲ "ಏನೂ ಆಗೇ ಇಲ್ವಲ್ಲ, ದೇವರು ದೊಡ್ಡವನು" ಎಂದು ಬಾಳೆಹಣ್ಣು ಕೊಟ್ಟು ಹೋಗುತ್ತಾರೆ. ನಾನೂ ಹೌದೆನ್ನುತ್ತೇನೆ.

ಜನವರಿ 19, ಭಾನುವಾರ

ಹೌದೆನ್ನಬಾರದಾಗಿತ್ತು.

ಬೆಳಿಗ್ಗೆ ಹಾಲಿನವನಿಗೆಂದು ಅವಳೇ ಚೀಟಿ ಬರೆದಳು: "ನಾಳೆ ಎರಡು ಲೀಟರ್ ಬೇಕು." ಮುತ್ತಿನಂಥ ಅಕ್ಷರ. ಗೇಟಿಗೆ ಚೀಲ ಕಟ್ಟಲು ಹೋದವಳು ವಾಪಸು ಬಂದು ಚೀಟಿಯನ್ನು ನನ್ನ ಮುಂದೆ ಹಿಡಿದು, "ಇದರಲ್ಲಿ ಏನ್ ಬರ್ದಿದೆ ರೀ?" ಎಂದಳು. ತಮಾಷೆಯೇನೋ ಅಂದುಕೊಂಡೆ. ಮುಖ ನೋಡಿದರೆ ತಮಾಷೆಯಲ್ಲ. ಬರೆಯಲು ಬರುತ್ತದೆ, ತಾನೇ ಬರೆದದ್ದನ್ನು ಓದಲು ಬರುವುದಿಲ್ಲ. ಹೀಗೂ ಉಂಟೇ ಎಂದು ನಾನು ಬೆಪ್ಪಾಗಿ ನಿಂತೆ.

ಮದುವೆಯಾಗಿ ಬಂದ ದಿನದಿಂದ ಮಧ್ಯಾಹ್ನದ ಊಟ ಮುಗಿಸಿ ಒಂದು ಗಂಟೆ ಪುಸ್ತಕ ಹಿಡಿಯುವುದು ಅವಳ ಪದ್ಧತಿ. ಹೆರಿಗೆಯ ಬಾಣಂತನದಲ್ಲೂ ಬಿಟ್ಟವಳಲ್ಲ. ಕಡಲೆಕಾಯಿ ಕಟ್ಟಿಕೊಂಡು ಬಂದ ಪೊಟ್ಟಣದ ಕಾಗದವನ್ನೂ ಬಿಡಿಸಿ ಓದಿ ಮಡಿಸಿಡುವಳು. ನಾನು ಪುಸ್ತಕದ ಹುಚ್ಚು ಎನ್ನುತ್ತಿದ್ದೆ. ಮಗಳು ಸೌಂದರ್ಯ ಶಂಕರಘಟ್ಟದ ಯೂನಿವರ್ಸಿಟಿ ಆಫೀಸಿನಲ್ಲಿ ಕೆಲಸಕ್ಕೆ ಸೇರಿದಾಗ ಮೊದಲ ಸಂಬಳದಲ್ಲಿ ಅಮ್ಮನಿಗೆ ಕೊಟ್ಟದ್ದು ಸೀರೆಯಲ್ಲ, ಪುಸ್ತಕ.

ಇವತ್ತು ಆ ಹೊತ್ತಿಗೆ ಅವಳು ಸುಮ್ಮನೆ ಕೂತಿದ್ದಳು. "ಓದೋಕೇ ಆಗ್ದಿದ್ರೆ ನಾನು ಯಾರು ರೀ?" ಎಂದಳು. ಕಾಫಿ ಮಾಡಿ ಕೊಟ್ಟೆ.

ಜನವರಿ 23, ಗುರುವಾರ

ಅವಳಿಗೆ ಏನು ಕಾಣುತ್ತಿರಬಹುದು? ತಲೆ ತಿನ್ನುತ್ತಿದೆ ಈ ಪ್ರಶ್ನೆ. ಪೇಪರನ್ನು ತಲೆಕೆಳಗು ಹಿಡಿದು ನೋಡಿದೆ. ಕಷ್ಟಪಟ್ಟರೆ ಓದಲು ಬಂತು. ಅದಲ್ಲ.

ಸಂಜೆ ಔಷಧಿ ತರಲು ಭದ್ರಾವತಿ ಪೇಟೆಗೆ ಹೋಗಿದ್ದೆ. ಗೋಡೆಯ ಮೇಲೆ ಯಾರದೋ ಶ್ರದ್ಧಾಂಜಲಿಯ ತಮಿಳು ಪೋಸ್ಟರು. ಎಷ್ಟೋ ವರ್ಷದಿಂದ ಈ ಊರಿನಲ್ಲಿ ತಮಿಳು ಕೇಳುತ್ತೇನೆ, ಸ್ಟೋರ್ಸಿನಲ್ಲಿ ಅರ್ಧ ಜನ ತಮಿಳರೇ, ಮಾತಾಡಿದರೆ ತಿಳಿಯುತ್ತದೆ. ಅಕ್ಷರ ಮಾತ್ರ ಒಂದೂ ಬಾರದು. ಅಲ್ಲೇ ನಿಂತು ಆ ಪೋಸ್ಟರನ್ನು ನೋಡಿದೆ. ಅಕ್ಷರ ಎಂದು ಗೊತ್ತು, ಅಚ್ಚುಕಟ್ಟಾಗಿದೆ ಎಂದೂ ಗೊತ್ತು. ಏನನ್ನೂ ಹೇಳುವುದಿಲ್ಲ. ಓಹೋ, ಇದು! ಅವಳಿಗೆ ಕನ್ನಡವೇ ಹೀಗೆ ಕಾಣುತ್ತಿದೆ. ಪಕ್ಕದ ಬೀಡಾ ಅಂಗಡಿಯವನು "ಸತ್ತಿದ್ದು ನಿಮ್ಮ ಪೈಕೀನಾ ಸಾರ್?" ಎಂದು ಕೇಳಿದ. ಅಲ್ಲ ಎಂದೆ.

ಜನವರಿ 27, ಸೋಮವಾರ

ಅನುಷಾಳ ಆಜ್ಞೆ: "ಆಂಟಿಗೆ ಓದೋದು ಬರೋವರೆಗೂ ಕಥೆ ತಪ್ಪಬಾರದು. ನೀವು ಓದಿ ಹೇಳಿ." ಎಸ್ಸೆಸ್ಸೆಲ್ಸಿ ಆದಮೇಲೆ ನಾನು ಪುಸ್ತಕವೆಂದು ಓದಿದ್ದು ಸ್ಕೂಟರಿನ ಜೊತೆ ಕೊಟ್ಟ ಪುಸ್ತಕ ಒಂದೇ.

ಲೈಬ್ರರಿಯ ಶಕುಂತಲಮ್ಮ ನೀಲಿ ರಟ್ಟಿನ ಒಂದು ಕಾದಂಬರಿ ಕೊಟ್ಟರು. ದಾಕ್ಷಾಯಣಿ ಸ್ಟ್ರೋಕಿಗೆ ಮುಂಚೆ ಕೇಳಿಟ್ಟಿದ್ದಂತೆ, ಇನ್ನೂ ಓದಿಲ್ಲವಂತೆ. ಊಟವಾದ ಮೇಲೆ ಕನ್ನಡಕ ಹಾಕಿ ಶುರು ಮಾಡಿದೆ. "ಎರಡನೇ ಮುದ್ರಣ. ಪ್ರತಿಗಳು ಒಂದು ಸಾವಿರ. ಹಕ್ಕುಗಳು ಲೇಖಕರವು. ರಕ್ಷಾಪುಟ..."

"ಅಯ್ಯೋ ಮಾರಾಯ್ರೆ, ಕಥೆ ಓದಿ!" ಎಂದು ನಕ್ಕಳು. ಡಿಸೆಂಬರಿನಿಂದ ಈಚೆಗೆ ಇದೇ ಮೊದಲು ನಕ್ಕದ್ದು. ನಾನೇನೋ ಮೊದಲಿನಿಂದ ಓದಿದೆ. ಅದರಲ್ಲಿ ತಪ್ಪೇನು?

ಫೆಬ್ರವರಿ 4, ಮಂಗಳವಾರ

ಪಕ್ಕದ ಮನೆ ಪುಷ್ಪಮ್ಮ ಅವರೆಕಾಯಿ ಬಿಡಿಸುವ ನೆಪದಲ್ಲಿ ಬಂದು ಕೂರುತ್ತಾರೆ. ಕಥೆಯಲ್ಲಿ ಈರಕ್ಕ ಎಂಬ ಸೂಲಗಿತ್ತಿ ಇದ್ದಾಳೆ. ಬಾಯಿ ಜೋರು, ಹೆದರಿಕೆ ಎಂಬುದಿಲ್ಲ, ಊರಿನ ಗೌಡನನ್ನೇ "ನಿನ್ನ ಎತ್ತಿದ ಕೈ ಇದು, ಮರೀಬೇಡ" ಎಂದು ಗದರುತ್ತಾಳೆ. ಪುಷ್ಪಮ್ಮ "ಹಂಗೇ ಆಗ್ಬೇಕು ಅವನಿಗೆ!" ಎಂದು ಕೂಗಿ ಅವರೆಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕಿದರು.

ನಾನು ಓದುವುದು ಸ್ಟಾಕ್ ಕೂಗಿದ ಹಾಗಿದೆಯಂತೆ. "ಪೂರ್ಣವಿರಾಮ ಬಂದಾಗ ಉಸಿರು ತಗೊಳ್ಳಿ, ಈರಕ್ಕ ಮಾತಾಡುವಾಗ ಸ್ವಲ್ಪ ಸೊಕ್ಕು ಬರ್ಲಿ" ಎಂದು ಹೆಂಡತಿಯ ಪಾಠ. ಈ ವಯಸ್ಸಿನಲ್ಲಿ ಸೊಕ್ಕು ಎಲ್ಲಿಂದ ತರಲಿ? ಆದರೂ ತಂದೆ.

ಫೆಬ್ರವರಿ 13, ಗುರುವಾರ

ಓದಿದೆ. ಗಂಟಲು ನೋವು.

ಫೆಬ್ರವರಿ 20, ಗುರುವಾರ

ಇವತ್ತು ಕ್ಲಿನಿಕ್ಕಿನಲ್ಲಿ ಒಂದು ಸೋಜಿಗ ನೋಡಿದೆ. ಅನುಷಾ ಒಂದು ತಟ್ಟೆಯಲ್ಲಿ ರವೆ ಹರಡಿ, ಪಕ್ಕದಲ್ಲಿ ದೊಡ್ಡದಾಗಿ "ಮ" ಬರೆದ ಕಾರ್ಡ್ ಇಟ್ಟಳು. "ಇದೇನು ಆಂಟಿ?" ಗೊತ್ತಿಲ್ಲ. "ಅದರ ಮೇಲೆ ಬೆರಳಾಡಿಸಿ, ಹಂಗೇ ರವೆಯಲ್ಲಿ ಬರೀರಿ." ದಾಕ್ಷಾಯಣಿ ಬೆರಳಾಡಿಸಿದಳು, ರವೆಯಲ್ಲಿ ತಿದ್ದಿದಳು, ಕೈ ಅರ್ಧ ದಾರಿಯಲ್ಲಿರುವಾಗಲೇ "ಮ!" ಎಂದಳು. ಕಣ್ಣಿಗೆ ಮರೆತದ್ದು ಕೈಗೆ ನೆನಪಿದೆ! ಅಕ್ಷರಾಭ್ಯಾಸದ ದಿನ ಅವಳಪ್ಪ ಅಕ್ಕಿಯಲ್ಲಿ ತಿದ್ದಿಸಿದ್ದು ಮಿದುಳಿನ ಬೇರೆ ಯಾವುದೋ ಮೂಲೆಯಲ್ಲಿ ಭದ್ರವಾಗಿ ಕೂತಿದೆಯಂತೆ. ನಾನು ಅನುಷಾಳಿಗೆ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದೆ. ಅಂಕಿ ಯಾಕೆ ಉಳಿಯಿತು? ಒತ್ತಕ್ಷರ ಬಂದರೆ ಏನು ಗತಿ? "ಅಂಕಲ್, ನಂಗೆ ಇನ್ನೂ ಪೇಷೆಂಟ್ಸ್ ಇದಾರೆ" ಎಂದು ಕೈಮುಗಿದಳು.

ಬರುವ ದಾರಿಯಲ್ಲಿ ಎರಡು ಕಿಲೋ ರವೆ ತಂದೆ. ತಿನ್ನುವುದಕ್ಕಲ್ಲ.

ಮಾರ್ಚ್ 11, ಮಂಗಳವಾರ

ಹಾಲು ಉಕ್ಕಿ ಒಲೆಯೆಲ್ಲ ಹೊಲಸಾಯಿತು. ಈರಕ್ಕ ಮಧ್ಯರಾತ್ರಿ ಹೊಳೆ ದಾಟಿ ಹೆರಿಗೆಗೆ ಹೋದದ್ದು ಏನಾಯಿತೆಂದು ಮಧ್ಯಾಹ್ನದ ಪಾಠಕ್ಕೆ ಸ್ವಲ್ಪ ತಯಾರಿ ಮಾಡುತ್ತಿದ್ದೆ, ಅಷ್ಟೇ. ಈ ಹಾಲಿಗೂ ಹೊತ್ತುಗೊತ್ತು ಇಲ್ಲ.

ಮಾರ್ಚ್ 30, ಭಾನುವಾರ, ಯುಗಾದಿ

ಏನೋ ಮಾಡಿಬಿಟ್ಟೆ. ಸರಿಯೋ ತಪ್ಪೋ ಗೊತ್ತಾಗುತ್ತಿಲ್ಲ.

ಬೆಳಿಗ್ಗೆ ಎಣ್ಣೆ ನೀರು, ಬೇವು ಬೆಲ್ಲ, ಹೋಳಿಗೆ ಎಲ್ಲ ಸಾಂಗವಾಯಿತು. ಸೌಂದರ್ಯ ಬಂದು ಉಂಡು ಹೋದಳು. ಮೂರು ಗಂಟೆಗೆ ಪುಷ್ಪಮ್ಮ ಹೊಸ ಸೀರೆಯುಟ್ಟು ಹಾಜರ್. ಹದಿನಾಲ್ಕನೇ ಅಧ್ಯಾಯ ತೆಗೆದೆ. ಈರಕ್ಕನಿಗೆ ಜ್ವರ. ಪ್ರಜ್ಞೆ ಇಲ್ಲ. ಈಗೀಗ ನನ್ನ ಕಣ್ಣು ಬಾಯಿಗಿಂತ ಎರಡು ಸಾಲು ಮುಂದಿರುತ್ತದೆ. ಮುಂದಿನ ಸಾಲು ಕಣ್ಣಿಗೆ ಬಿತ್ತು. ಈರಕ್ಕ ಸಾಯುತ್ತಾಳೆ.

ವರ್ಷದ ಮೊದಲ ದಿನ. ಬಾಗಿಲಿಗೆ ಮಾವಿನ ತೋರಣ. ಎದುರಿಗೆ ಈಗಷ್ಟೇ ಎದ್ದು ಕೂತಿರುವ ಹೆಂಡತಿ. ಯುಗಾದಿಯ ದಿನ ಮನೆಯಲ್ಲಿ ಏನಾಗುತ್ತದೋ ವರ್ಷವಿಡೀ ಅದೇ ಎನ್ನುತ್ತಾರೆ. ನಮ್ಮವ್ವ ಈ ದಿನ ಜೋರಾಗಿ ಸೀನಲೂ ಬಿಡುತ್ತಿರಲಿಲ್ಲ. ಇಂಥ ದಿನ ನನ್ನ ಬಾಯಿಂದ ಸಾವು ಓದಲೇ? ಶಿವ ಶಿವಾ.

"ಈರಕ್ಕ ಕಣ್ಣು ಬಿಟ್ಟಳು" ಎಂದು ಓದಿದೆ. ಪುಸ್ತಕದಲ್ಲಿ ಹಾಗಿಲ್ಲ. "ಗೋಡೆ ಹಿಡಿದು ಎದ್ದು ಕೂತಳು. ಗಂಜಿ ಬೇಕು, ಉಪ್ಪು ಜಾಸ್ತಿ ಹಾಕು ಎಂದಳು." ಅದೂ ಇಲ್ಲ. ಪುಷ್ಪಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು "ಸದ್ಯ! ನನ್ ಜೀವ ಬಾಯಿಗೆ ಬಂದಿತ್ತು" ಎಂದರು. ದಾಕ್ಷಾಯಣಿ ರವೆಯ ತಟ್ಟೆಯನ್ನು ಹತ್ತಿರಕ್ಕೆಳೆದುಕೊಂಡು, ಯಾರೂ ಹೇಳದೆಯೇ ತಿದ್ದಲು ಶುರು ಮಾಡಿದಳು.

ಏಪ್ರಿಲ್ 2, ಬುಧವಾರ

ಒಂದು ಸುಳ್ಳಿಗೆ ಇಷ್ಟು ಕೆಲಸವೇ! ಮುಂದಿನ ಅಧ್ಯಾಯದಲ್ಲಿ ಊರಿಗೆ ಊರೇ ಅಳುತ್ತದೆ. ಯಾಕೆ ಅಳುತ್ತದೆ? ಈರಕ್ಕ ತಂಗಿಯ ಮನೆಗೆ ಹೊರಟಿದ್ದಾಳೆ, ಅದಕ್ಕೆ ಎಂದೆ. "ಯಾವೂರು?" ಎಂದರು ಪುಷ್ಪಮ್ಮ. ಬಾಯಿಗೆ ಬಂದದ್ದು "ಗಾಜನೂರು."

"ಕಥೆ ನಡೆಯೋದು ಉತ್ತರ ಕರ್ನಾಟಕದ ಕಡೆ ಅಲ್ವಾ? ನಮ್ಮ ಶಿವಮೊಗ್ಗದ ಪಕ್ಕದ ಗಾಜನೂರು ಎಲ್ಲಿಂದ ಬಂತು?" ಎಂದು ದಾಕ್ಷಾಯಣಿ ಹುಬ್ಬೇರಿಸಿದಳು.

"ಬರೆದವರನ್ನ ಕೇಳು, ನನ್ನನ್ನೇನು ಕೇಳ್ತೀಯ?" ಎಂದು ಜೋರು ಮಾಡಿದೆ.

ಏಪ್ರಿಲ್ 10, ಗುರುವಾರ

ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ ಕೂತು ಪುಸ್ತಕವನ್ನು ಕೊನೆಯವರೆಗೆ ಓದಿ ಮುಗಿಸಿದೆ. ಈರಕ್ಕ ಎಲ್ಲೆಲ್ಲಿ ಇಲ್ಲವೋ ಅಲ್ಲೆಲ್ಲ ಅವಳನ್ನು ಹೇಗೆ ಕೂರಿಸುವುದೆಂದು ನೋಡಬೇಕಲ್ಲ. ಅವಳು ಎತ್ತಿದ ಹುಡುಗಿಯೊಬ್ಬಳು ಕೊನೆಯಲ್ಲಿ ತಾನೇ ಸೂಲಗಿತ್ತಿಯಾಗುತ್ತಾಳೆ. ಆಹಾ, ಎಂಥ ಬರವಣಿಗೆ! ಅನುಷಾ ಮೂರು ಸಲ ಕರೆದಳಂತೆ, ನನಗೆ ಕೇಳಿಸಲಿಲ್ಲ. ಫ್ಯಾನಿನ ಸದ್ದು ಜಾಸ್ತಿ ಅಲ್ಲಿ.

ಏಪ್ರಿಲ್ 24, ಗುರುವಾರ

ನಿನ್ನೆ ಕಥೆ ಮುಗಿಸಿ ಪುಸ್ತಕ ವಾಪಸು ಕೊಟ್ಟೆ. ಕೊನೆಗೆ ಈರಕ್ಕ ಗಾಜನೂರಿನಿಂದ ಬಂದು ಆ ಹುಡುಗಿಯ ತಲೆ ಮೇಲೆ ಕೈಯಿಟ್ಟಳು. ಪುಷ್ಪಮ್ಮ ಇಡೀ ಬೀದಿಗೆ ಹೇಳಿಕೊಂಡು ಬಂದಿದ್ದಾರೆ. ಶಕುಂತಲಮ್ಮ ಇನ್ನೊಂದು ಕಾದಂಬರಿ ಕೊಟ್ಟರು. ದಾಕ್ಷಾಯಣಿಗೆ ಹಿಡಿಸುತ್ತದೋ ಇಲ್ಲವೋ ಎಂದು ಪರೀಕ್ಷೆಗಾಗಿ ಮೊದಲ ನಾಲ್ಕು ಅಧ್ಯಾಯ ಓದಿದೆ.

ಇವತ್ತು ಶಿವಮೊಗ್ಗದ ಬಸ್ ಸ್ಟ್ಯಾಂಡಿನಲ್ಲಿ ಅವಳು ಬಸ್ಸೊಂದರ ಬೋರ್ಡನ್ನೇ ದಿಟ್ಟಿಸುತ್ತ, ತೊಡೆಯ ಮೇಲೆ ಬೆರಳಿನಿಂದ ತಿದ್ದುತ್ತಿದ್ದಳು. "ಶಂ... ಕ... ರ... ಘ... ಟ್ಟ. ಶಂಕರಘಟ್ಟ!" ಎನ್ನುವಷ್ಟರಲ್ಲಿ ಬಸ್ಸು ಹೊರಟೇಹೋಗಿತ್ತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಮಗೆ ಹೋಗಬೇಕಾಗಿದ್ದದ್ದು ಭದ್ರಾವತಿಗೆ, ಪುಣ್ಯ.

ಮೇ 3, ಶನಿವಾರ

ನಗು ಮುಗಿಯಿತು. ಇವತ್ತು ಅವಳು ಹೇಳಿದಳು, "ನಾನೇ ಓದೋ ಮೊದಲ್ನೇದು ಆ ನೀಲಿ ಪುಸ್ತಕಾನೇ ಆಗ್ಬೇಕು. ಅದರಲ್ಲೂ ಹದಿನಾಲ್ಕನೇ ಅಧ್ಯಾಯ. ಈರಕ್ಕ ಎದ್ದು ಕೂತು ಗಂಜಿ ಕೇಳಿದ್ಲಲ್ಲ, ಅವತ್ತೇ ನಾನೂ ಎದ್ದು ಕೂರ್ತೀನಿ ಅಂತ ಗಟ್ಟಿ ಮಾಡ್ಕೊಂಡೆ. ಆ ಸಾಲನ್ನ ನನ್ನ ಕೈಯಲ್ಲಿ ಮುಟ್ಬೇಕು ರೀ."

ಅಂಥ ಸಾಲೇ ಇಲ್ಲವಲ್ಲ ದಾಕ್ಷಾಯಣಿ!

"ಬೇರೆ ಯಾರೋ ತಗೊಂಡು ಹೋಗಿದಾರಂತೆ" ಎಂದೆ. ಇನ್ನೊಂದು ಸುಳ್ಳು. ಅವಳು ಓದಿ ಆ ಸಾವನ್ನು ನೋಡಿದರೆ, ರವೆಯ ತಟ್ಟೆಯನ್ನು ಅತ್ತ ತಳ್ಳಿ ಮತ್ತೆ ಜನವರಿಯ ಹಾಗೆ ಗೋಡೆ ನೋಡುತ್ತ ಕೂತರೆ? ನನಗೆ ಭಯವಾಗುತ್ತಿದೆ.

ಮೇ 6, ಮಂಗಳವಾರ

ಪುಷ್ಪಮ್ಮ ಬಿಸಿಲಲ್ಲಿ ಲೈಬ್ರರಿಗೆ ನಡೆದು ಹೋಗಿ ನೀಲಿ ಪುಸ್ತಕ ತಂದುಕೊಟ್ಟಿದ್ದಾರೆ. "ಯಾರೂ ತಗೊಂಡಿರ್ಲಿಲ್ಲ ಕಣ್ರಿ, ಮುಂದಿನ ಸಾಲಲ್ಲೇ ಇತ್ತು!" ಎಂದು ಹೆಮ್ಮೆ ಬೇರೆ. ಈ ಹೆಂಗಸಿಗೆ ಉಪಕಾರ ಮಾಡಲು ಇನ್ನೇನೂ ಸಿಗಲಿಲ್ಲವೇ?

ಅಂಕಿ ಓದಲು ಬರುತ್ತದಲ್ಲ, 14 ಎಂಬುದನ್ನು ತಾನೇ ಹುಡುಕಿಕೊಂಡಳು. ಒಂದು ಸಾಲು ಓದಲು ಅರ್ಧ ಗಂಟೆ ಹಿಡಿಯಿತು. "ಸಹಾಯ ಮಾಡ್ಲಾ?" ಎಂದೆ. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ" ಎಂದಳು.

ಮೇ 12, ಸೋಮವಾರ

ಜ್ವರ ಬರುವ ಜಾಗಕ್ಕೆ ಬಂದಿದ್ದಾಳೆ.

ಮೇ 17, ಶನಿವಾರ

ಹೇಳಿಬಿಡೋಣ ಎಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಪುಷ್ಪಮ್ಮ ಬಂದರು. ಇನ್ನೊಂದು ಸಲ ಯಾರೂ ಬರಲಿಲ್ಲ, ಆದರೂ ಹೇಳಲಿಲ್ಲ.

ಮೇ 20, ಮಂಗಳವಾರ

ಗೊತ್ತಾಯಿತು.

ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಳಗೆ ಬಂದರೆ ಪುಸ್ತಕ ಮಡಿಲಲ್ಲಿದೆ, ಬೆರಳು ಸಾಲಿನ ಮೇಲಿದೆ, ಅವಳ ಕಣ್ಣಲ್ಲಿ ನೀರು. "ಗಂಜಿ ಎಲ್ಲಿ ರೀ?" ಎಂದಳು. ನಾನು ಹಸಿ ಟವೆಲ್ಲು ಹಿಡಿದುಕೊಂಡೇ ನಿಂತಿದ್ದೆ.

ಮೇ 22, ಗುರುವಾರ

ನಿನ್ನೆಯೆಲ್ಲ ಮೌನ. ತಿಂಡಿ ಮಾಡಿದಳು, ಬಡಿಸಿದಳು, ಮಾತಿಲ್ಲ. ಇವತ್ತು ಬೆಳಿಗ್ಗೆ ಶಿವಮೊಗ್ಗದ ಬಸ್ಸಿನಲ್ಲಿ ಪಕ್ಕದಲ್ಲಿ ಕೂತು, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಶುರು ಮಾಡಿದಳು.

"ಗಾಜನೂರು ಅಂದಾಗ್ಲೇ ಅನುಮಾನ ಬಂತು. ಆದ್ರೂ ನಂಬಿದೆ. ನನ್ನ ಕಣ್ಣು ನೀವೇ ಆಗಿದ್ರಲ್ಲ, ನಂಬದೆ ಇನ್ನೇನ್ ಮಾಡ್ಲಿ?"

"ಯುಗಾದಿ ದಿನ ಕಣೇ. ಸಾವು ಓದೋದಾ? ನಿನ್ನ ಮುಂದೆ?"

"ಬೆಳಿಗ್ಗೆ ನಿಮ್ಮ ಕೈಯಾರೆ ಬಾಯಿಗೆ ಬೇವು ಹಾಕಿರ್ಲಿಲ್ವಾ? ನಮ್ಮಪ್ಪ ಹೋದಾಗ, ಆ ಮೊದಲನೇ ಮಗು ಉಳೀದೇ ಹೋದಾಗ, ನಾನು ಏನ್ ಮಾಡ್ದೆ ಹೇಳಿ. ಮಧ್ಯಾಹ್ನ ಪುಸ್ತಕ ಹಿಡ್ಕೊಂಡೆ. ಅದರೊಳಗೂ ಜನ ಸಾಯ್ತಿದ್ರು. ಉಳಿದೋರು ಹೆಂಗೆ ಉಳೀತಾರೆ ಅಂತ ಅಲ್ಲೇ ನೋಡ್ಕೊಂಡೆ. ಓದೋದು ಅಂದ್ರೆ ಅದೇ ನಂಗೆ. ನೀವು ಅದನ್ನೇ ಕಿತ್ತು ತೆಗೆದು, ಉಳಿದಿದ್ದು ಕೊಟ್ರಿ."

"ನೀನು ಮತ್ತೆ ಕುಸಿದು ಹೋದ್ರೆ ಅಂತ ಹೆದರ್ಕೊಂಡೆ."

"ಈರಕ್ಕ ಸತ್ತಿದ್ರೂ ನಾನು ಎದ್ದೇ ಏಳ್ತಿದ್ದೆ ರೀ" ಎಂದಳು. ಸುತ್ತಲಿನ ಜನ ನಮ್ಮನ್ನೇ ನೋಡುತ್ತಿದ್ದರು. ತಪ್ಪಾಯಿತು ಎಂದೆ. ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಮಾತು ನನ್ನ ಬಾಯಿಂದ ಬಂದದ್ದು ಅಪರೂಪ. ಅವಳು ಕಿಟಕಿಯ ಕಡೆ ತಿರುಗಿ, "ಭಾನುವಾರ ಇದ್ದದ್ದು ಇದ್ದ ಹಾಗೆ ಓದಿ. ನಿಮ್ಮ ಬಾಯಿಂದಾನೇ" ಎಂದಳು.

ಮೇ 25, ಭಾನುವಾರ

ಪುಷ್ಪಮ್ಮನಿಗೂ ವಿಷಯ ಹೇಳಿದೆ. ಕೆನ್ನೆಗೆ ಕೈಕೊಟ್ಟುಕೊಂಡು ಕೂತುಬಿಟ್ಟರು. "ನಂಗೆ ಬ್ಯಾಡ ಮಾರಾಯ್ರೆ. ನನ್ನ ಈರಕ್ಕ ಗಾಜನೂರಲ್ಲೇ ಇರ್ಲಿ. ನಾನು ಮನೆಗೆ ಹೋಗ್ತೀನಿ" ಎಂದರು. ಹೋಗಲಿಲ್ಲ. ಬಾಗಿಲ ಹತ್ತಿರ ಕೂತರು.

ಹದಿನಾಲ್ಕನೇ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಜ್ವರ ಓದಿದೆ. ಊರಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಕೂತದ್ದು ಓದಿದೆ. ಒಂದಕ್ಷರ ಬಿಡಲಿಲ್ಲ, ಒಂದಕ್ಷರ ಸೇರಿಸಲಿಲ್ಲ. "ಈರಕ್ಕನ ಕೈ ತಣ್ಣಗಾಯಿತು" ಎಂಬಲ್ಲಿಗೆ ಬಂದೆ. ನನಗೆ ಗೊತ್ತಿರುವ ಸಾಲೇ. ಎಷ್ಟೋ ಸಲ ಓದಿದ್ದೇನೆ. ಬಾಯಿ ಬಿಟ್ಟು ಹೇಳಿದ್ದು ಇದೇ ಮೊದಲು. ಮುಂದಿನ ಸಾಲಿಗೆ ಧ್ವನಿ ಏಳಲೇ ಇಲ್ಲ. ಕನ್ನಡಕ ತೆಗೆದು ಒರೆಸಿದೆ, ಮತ್ತೆ ಹಾಕಿಕೊಂಡೆ, ಆಗಲಿಲ್ಲ. ಅಳುತ್ತಿದ್ದೆ. ಸ್ಟೋರ್ಸಿನ ಮುರುಗೇಶಪ್ಪ, ಇಲ್ಲದೇ ಇರುವ ಒಬ್ಬ ಸೂಲಗಿತ್ತಿಗಾಗಿ, ನೆರೆಯವರ ಎದುರಿಗೆ.

ದಾಕ್ಷಾಯಣಿ ಹತ್ತಿರ ಸರಿದು ಪುಸ್ತಕವನ್ನು ತನ್ನ ಮಡಿಲಿಗೆ ತೆಗೆದುಕೊಂಡಳು. ಬೆರಳಿಟ್ಟಳು. "ಆ... ಕೈ... ಗೆ..." ಬೆರಳು ಅಕ್ಷರದ ಸುತ್ತ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. "ಹು... ಟ್ಟಿ... ದ... ಮ... ಕ್ಕ... ಳೆ... ಲ್ಲ..." ಹೊರಗೆ ಒಂದು ಆಟೋ ಬಂತು, ಹಾರ್ನ್ ಹೊಡೆಯಿತು, ಹೋಯಿತು. ಪುಷ್ಪಮ್ಮ ಅಲುಗಲಿಲ್ಲ. "ಅಂ... ಗ... ಳ... ದ... ಲ್ಲಿ."

ಒಂದೇ ಒಂದು ಪದ ಉಳಿದಿತ್ತು. ಒತ್ತಕ್ಷರವಿದ್ದ ಪದ. ಅವಳ ಬೆರಳು ಅಲ್ಲಿ ಸಿಕ್ಕಿಕೊಂಡಿತು, ಹಿಂದೆ ಹೋಯಿತು, ಮತ್ತೆ ಬಂತು. ಹಣೆಯಲ್ಲಿ ಬೆವರು. ನನಗೆ ಆ ಪದ ಬಾಯಿಪಾಠ. ನಾಲಿಗೆಯ ತುದಿಗೆ ಬಂದು ಕೂತಿತ್ತು.

ಹೇಳಲಿಲ್ಲ. ಕಾದೆ.

"ನಿಂತಿದ್ದರು" ಎಂದಳು.